ಚಿನ್ನಿದಾಂಡಿನ ಹೊಡೆತ ಮತ್ತು ಅಳತೆ

ಮೈಸೂರಿನ ಆಳ್ವಿಕೆಯಲ್ಲಿದ್ದ ಬಾರಾಮಹಲ್ ಪ್ರಾಂತ್ಯವು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ, ಹೊಸೂರು ಸೀಮೆಯು 1799ರಲ್ಲಿ ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಸೇಲಂ ಜಿಲ್ಲೆಗೆ ಒಳಪಟ್ಟು, 1956ರ ರಾಜ್ಯ ಪುನರ್ವಿಂಗಡಣೆಯಲ್ಲೂ ಮದ್ರಾಸಿನಲ್ಲೇ ಉಳಿದವು. ಈ ನೆಲದ ಒಂದು ಭಾಗವಾಗಿರುವ ಇಂದಿನ ಕೃಷ್ಣಗಿರಿ ಜಿಲ್ಲೆಯ ಮೂರು ಮನೆಮಾತುಗಳಲ್ಲಿ ಒಂದೇ ಆಟಕ್ಕೆ ಕನ್ನಡದ ಚಿನ್ನಿದಾಂಡು, ತಮಿಳಿನ ಕಿಟ್ಟಿಪುಳ್ಳು, ತೆಲುಗಿನ ಬಿಳ್ಳಂಗೋಡು ಎಂಬ ಹೆಸರುಗಳಿವೆ.

ಎರಡೂ ತುದಿ ಚೂಪಾಗಿ ಕೆತ್ತಿದ ಚೋಟುದ್ದದ ಮರದ ತುಂಡು ಚಿನ್ನಿ. ಅದನ್ನು ಹೊಡೆಯುವ ಕೋಲು ದಾಂಡು. ಆಟಗಾರನು ಚಿನ್ನಿಯನ್ನು ಸಣ್ಣ ಗುಳಿಯ ಮೇಲೆ ಅಡ್ಡವಾಗಿಟ್ಟು ದಾಂಡಿನಿಂದ ಚಿಮ್ಮುತ್ತಾನೆ; ಎದುರಾಳಿಗಳು ಅದನ್ನು ಹಿಡಿದರೆ, ಇಲ್ಲವೇ ಹಿಂದಕ್ಕೆ ಎಸೆದು ಗುಳಿಯ ಮೇಲಿಟ್ಟ ದಾಂಡಿಗೆ ತಗುಲಿಸಿದರೆ ಅವನ ಸರದಿ ಮುಗಿಯುತ್ತದೆ. ಉಳಿದುಕೊಂಡವನು ಚಿನ್ನಿಯ ತುದಿಗೆ ಮೆಲ್ಲನೆ ತಟ್ಟಿ, ಅದು ಮೇಲೆದ್ದ ಕ್ಷಣದಲ್ಲೇ ಬೀಸಿ ಹೊಡೆಯುತ್ತಾನೆ.

ಮಹಾಭಾರತದ ಆದಿಪರ್ವದಲ್ಲಿ ಕುರುಕುಮಾರರು ಆಡುತ್ತಿದ್ದಾಗ ಬಾವಿಗೆ ಬಿದ್ದು, ದ್ರೋಣನು ಹುಲ್ಲುಕಡ್ಡಿಗಳಿಂದ ಮೇಲೆತ್ತಿದ ‘ವೀಟಾ’ ಎಂಬ ವಸ್ತುವನ್ನು ಅನೇಕರು ಚೆಂಡೆಂದೇ ತಿಳಿದಿದ್ದರೂ, 17ನೆಯ ಶತಮಾನದ ವ್ಯಾಖ್ಯಾನಕಾರ ನೀಲಕಂಠನು ಅದನ್ನು ಜವೆಗೋಧಿಯ ಕಾಳಿನಾಕಾರದ, ಮೊಳದುದ್ದದ ಕೋಲಿನಿಂದ ಹೊಡೆಯುವ ಮರದ ತುಂಡೆಂದು ವಿವರಿಸಿದ್ದಾನೆ. ಮಹಾರಾಷ್ಟ್ರದಲ್ಲಿ ಈ ಆಟ ಇಂದಿಗೂ ವಿಟಿದಾಂಡು ಎನಿಸಿಕೊಂಡಿದೆ.

ಚಿನ್ನಿಯನ್ನು ತಾನೇ ಎಬ್ಬಿಸಿ ಹೊಡೆಯುವ ರೀತಿಗೆ ಹೋಲಿಕೆ ಬೇರೆಡೆಯೂ ಇದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಎದುರಾಳಿ ಎಸೆದ ಚೆಂಡನ್ನು ಹೊಡೆಯುವುದು ನಿಯಮವಾದರೂ, ಕ್ಷೇತ್ರರಕ್ಷಕರ ಅಭ್ಯಾಸಕ್ಕಾಗಿ ಹೊಡೆಯುವವನೇ ಚೆಂಡನ್ನು ಮೇಲಕ್ಕೆ ಹಾರಿಸಿಕೊಂಡು ಬಾರಿಸುವ ಹೊಡೆತವೊಂದಿದ್ದು, 19ನೆಯ ಶತಮಾನದಿಂದ ಅದಕ್ಕೆ ‘ಫಂಗೊ’ ಎಂಬ ಹೆಸರಿದೆ. ಅಲ್ಲಿ ಲೆಕ್ಕಕ್ಕೆ ಬಾರದ ಈ ಬಗೆಯ ಹೊಡೆತವೇ ಚಿನ್ನಿದಾಂಡಿನಲ್ಲಿ ಅಂಕ ತಂದುಕೊಡುತ್ತದೆ. ಎಸೆಗಾರನಿಲ್ಲದ್ದರಿಂದ ಎಬ್ಬಿಸುವ ಜಾಣ್ಮೆಯೂ ಹೊಡೆಯುವ ಬಲವೂ ಒಬ್ಬನಲ್ಲೇ ಕೂಡಿರಬೇಕಾಗುತ್ತದೆ.

ಚಿನ್ನಿ ಬಿದ್ದ ಜಾಗದಿಂದ ಗುಳಿಯವರೆಗಿನ ದೂರವನ್ನು ಅದೇ ದಾಂಡಿನಿಂದ ಅಳೆಯುವುದರಿಂದ ಹೊಡೆಯುವ ಸಾಧನವೇ ಅಳತೆಗೋಲೂ ಆಗುತ್ತದೆ. ಕೆಲವೆಡೆ ಹೊಡೆದವನು ಕಣ್ಣಂದಾಜಿನಲ್ಲಿ ಇಷ್ಟು ದಾಂಡು ಎಂದು ಕೇಳುತ್ತಾನೆ. ಎದುರಾಳಿಗಳು ಒಪ್ಪಿದರೆ ಅಷ್ಟೂ ಅವನ ಲೆಕ್ಕಕ್ಕೆ ಸೇರುತ್ತದೆ, ಒಪ್ಪದೆ ಅಳೆದಾಗ ಕಡಿಮೆ ಬಂದರೆ ಅವನ ಆಟವೇ ಮುಗಿಯುತ್ತದೆ. ಹೀಗಾಗಿ ಗೆರೆ ಎಳೆದ ಮೈದಾನವಾಗಲಿ ತೀರ್ಪುಗಾರನಾಗಲಿ ಇಲ್ಲದೆ, ಕೊಯ್ಲಾದ ಹೊಲದಲ್ಲೇ ನಡೆಯಬಲ್ಲ ಈ ಆಟದಲ್ಲಿ ಅತಿಯಾಸೆಗೆ ಕಡಿವಾಣವು ನಿಯಮದೊಳಗೇ ಇದೆ.