ಬೇವಿನ ಕಹಿಯ ಇತಿಹಾಸ

ಬೇಸಿಗೆಯಲ್ಲಿ ನಮ್ಮ ಯಡ್ರಾಮಿಯ ಕಡೆಗೆ ಬಂದವರಿಗೆ ಎರೆಹೊಲಗಳ ಬದುವಿನ ಮೇಲೆ ಹಸಿರಾಗಿ ಕಾಣುವುದು ಬೇವು. (ಎಷ್ಟೇ ದೊಡ್ಡ ಮರವಾದರೂ ನಮ್ಮ ಭಾಗದಲ್ಲಿ ಅದು ‘ಬೇವಿನ ಗಿಡ’ವೇ; ದಕ್ಷಿಣದ ಮಿತ್ರರು ನಗದಿರಲಿ.) ಯುಗಾದಿಯಂದು ಅದರ ಹೂವನ್ನು ಬೆಲ್ಲದೊಡನೆ ಸೇವಿಸುತ್ತೇವೆ, ಬಾವು ಬಂದ ಕಾಲಿಗೆ ಎಲೆಯನ್ನು ಅರೆದು ಬಿಸಿಮಾಡಿ ಕಟ್ಟುತ್ತೇವೆ. ಆದರೆ ಈ ಕಹಿಯನ್ನು ಬಿಡಿಸಿ ನೋಡಿದವರು ಯಾರು? ನಾನು ಪಾಠ ಹೇಳಿದ ವಿಜ್ಞಾನ ಪುಸ್ತಕಗಳಲ್ಲಿ ಅವರ ಹೆಸರಿರಲಿಲ್ಲ.

ಬೇವಿನ ಶಾಸ್ತ್ರೀಯ ನಾಮ ‘ಅಜಾಡಿರಕ್ಟ ಇಂಡಿಕ’. 1830ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಜುಸ್ಸ್ಯೂ ಇಟ್ಟದ್ದು. ಲ್ಯಾಟಿನ್ನಿನಂತೆ ಕೇಳಿಸಿದರೂ ಅದರ ಬೇರು ಪಾರಸಿಯ ‘ಆಜಾದ್ ದರಖ್ತ್’, ಎಂದರೆ ಸ್ವತಂತ್ರ ವೃಕ್ಷ. ನಿಜಾಮರ ಆಳ್ವಿಕೆಯನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಹಿಯ ರಹಸ್ಯವನ್ನು ಒಡೆದವರು ಸಲೀಮುಜ್ಜಮಾನ್ ಸಿದ್ದೀಕಿ. 1897ರಲ್ಲಿ ಬಾರಾಬಂಕಿ ಜಿಲ್ಲೆಯಲ್ಲಿ ಹುಟ್ಟಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದು, ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆಗೆ ಕುಳಿತರು. 1931ರಲ್ಲಿ ಸರ್ಪಗಂಧದಿಂದ ಬೇರ್ಪಡಿಸಿದ ಕ್ಷಾರವಸ್ತುವಿಗೆ ತಮ್ಮ ಆಶ್ರಯದಾತ ಹಕೀಮ್ ಅಜ್ಮಲ್ ಖಾನರ ನೆನಪಿಗೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. ಆಮೇಲೆ ಬೇವಿನೆಣ್ಣೆಯನ್ನು ಕೈಗೆತ್ತಿಕೊಂಡರು. ವಿಧಾನ ನಮ್ಮ ತರಗತಿಯ ಕರಗುವಿಕೆಯ ಪಾಠವೇ: ಒಂದು ದ್ರಾವಕದಲ್ಲಿ ಕರಗದ್ದು ಮತ್ತೊಂದರಲ್ಲಿ ಕರಗುತ್ತದೆ. ಈಥರ್, ಈಥೈಲ್ ಅಸಿಟೇಟ್, ನೀರು ಬೆರೆಸಿದ ಆಲ್ಕೋಹಾಲ್ ಇವುಗಳನ್ನು ಬಳಸಿ ಮೂರು ಕಹಿ ವಸ್ತುಗಳನ್ನು ಬೇರೆ ಮಾಡಿದರು: ನಿಂಬಿನ್, ನಿಂಬಿನಿನ್, ನಿಂಬಿಡಿನ್. 1942ರಲ್ಲಿ ಇದು ಪ್ರಕಟವಾದದ್ದು ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಎರಡೇ ಪುಟದ ಟಿಪ್ಪಣಿ! ಸಿದ್ದೀಕಿಯವರು 1951ರಲ್ಲಿ ಪಾಕಿಸ್ತಾನಕ್ಕೆ ಹೋದರು, 1994ರಲ್ಲಿ ತೀರಿಕೊಂಡರು. ನಾವು ಅವರನ್ನು ಮರೆತದ್ದಕ್ಕೆ ಗಡಿಯೂ ಒಂದು ಕಾರಣವಿರಬಹುದು.

ನಿಂಬಿನ್‌ನ ಅಣುಸೂತ್ರದಲ್ಲಿ 30 ಇಂಗಾಲ, 36 ಜಲಜನಕ, 9 ಆಮ್ಲಜನಕ. ನಿಂಬಿಡಿನ್ ಮಾತ್ರ ಒಂದೇ ವಸ್ತುವಲ್ಲ, ಹಲವು ಕಹಿಗಳ ಮಿಶ್ರಣವೆಂದು ಮುಂದೆ ತಿಳಿಯಿತು. ಬಾವಿನ ಕಥೆಯಿರುವುದು ಈ ಮಿಶ್ರಣದಲ್ಲಿಯೇ. 1981ರಲ್ಲಿ ಪಿಳ್ಳೈ ಮತ್ತು ಸಂತಕುಮಾರಿ ಎಂಬ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಕೆಂಪು ಕಡಲಪಾಚಿಯಿಂದ ಬರುವ ಕ್ಯಾರಜೀನಿನ್ ಎಂಬ ಅಂಟುವಸ್ತುವನ್ನು ಇಲಿಯ ಪಾದಕ್ಕೆ ಚುಚ್ಚಿದರೆ ಪಾದ ಊದಿಕೊಳ್ಳುತ್ತದೆ. ಔಷಧ ಕೊಟ್ಟಾಗ ಎಷ್ಟು ಕಡಿಮೆ ಊದುತ್ತದೆಂದು ಅಳೆಯುತ್ತಾರೆ. ನಿಂಬಿಡಿನ್ ಈ ಬಾವನ್ನೂ, ಫಾರ್ಮಾಲಿನ್‌ನಿಂದ ಉಂಟುಮಾಡಿದ ಕೀಲೂತವನ್ನೂ ತಗ್ಗಿಸಿತು. ಬಾವನ್ನು ಹೆಚ್ಚಿಸುವ ನೈಟ್ರಿಕ್ ಆಕ್ಸೈಡ್, ಪ್ರೋಸ್ಟಾಗ್ಲಾಂಡಿನ್‌ಗಳನ್ನು ರಕ್ಷಕ ಕೋಶಗಳು ಉತ್ಪಾದಿಸುವುದನ್ನು ಅದು ಕುಗ್ಗಿಸುತ್ತದೆಂದು 2004ರ ಇನ್ನೊಂದು ಅಧ್ಯಯನ ತೋರಿಸಿತು. ಇವು ಇಲಿಯ ಪಾದದ ಮಾತು. ಮನುಷ್ಯರ ಮಂಡಿನೋವಿಗೆ ಬೇವು ಸಿದ್ಧೌಷಧವೆಂದು ಇದರಿಂದ ಹೇಳಲಾಗದು.

ಬೇವಿನೆಣ್ಣೆಯಿಂದ ಶಿಲೀಂಧ್ರ ನಿವಾರಿಸುವ ವಿಧಾನಕ್ಕೆ ಯೂರೋಪಿನಲ್ಲಿ ಕೊಟ್ಟಿದ್ದ ಪೇಟೆಂಟ್ 2000ದಲ್ಲಿ ರದ್ದಾಯಿತು, 2005ರ ಮಾರ್ಚ್ 8ರಂದು ಮೇಲ್ಮನವಿಯೂ ಬಿದ್ದುಹೋಯಿತು. ಅದರ ಗದ್ದಲ ಎಲ್ಲರಿಗೂ ನೆನಪಿದೆ.

ನೆನಪಿರಬೇಕಾದ ಇನ್ನೊಂದು ಸಂಗತಿ ಅಷ್ಟು ಪ್ರಚಾರ ಪಡೆಯಲಿಲ್ಲ. 1981ರಲ್ಲಿಯೇ, ಇಲಿಗಳ ಬಾವು ಇಳಿದ ಅದೇ ವರ್ಷ, ಮಲೇಷ್ಯಾದ ವೈದ್ಯರು ‘ಲಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಬರೆದರು. ಸಣ್ಣಪುಟ್ಟ ಕಾಯಿಲೆಗೆಂದು ಮನೆಯವರು ಬೇವಿನೆಣ್ಣೆ ಕುಡಿಸಿದ ಎಳೆಯ ಮಕ್ಕಳಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಮಂಪರು, ಏದುಸಿರು, ಫಿಟ್ಸ್ ಬಂದಿದ್ದವು. ಯಕೃತ್ತು ಮತ್ತು ಮಿದುಳನ್ನು ಕೆಡಿಸುವ ರೈ ಸಿಂಡ್ರೋಮಿನ ಲಕ್ಷಣಗಳವು. ಹಚ್ಚಿದ ಎಲೆಯ ಲೇಪ ಒಂದು, ಬೀಜ ಹಿಂಡಿದ ಎಣ್ಣೆ ಮತ್ತೊಂದು. ಈಚೆಗೆ ಮಕ್ಕಳಾದ ನನ್ನ ವಿದ್ಯಾರ್ಥಿನಿಯರು, ಮನೆಯ ಹಿರಿಯರು ಎಷ್ಟೇ ಹೇಳಲಿ, ಕೂಸಿಗೆ ಆ ಎಣ್ಣೆಯನ್ನು ಒಂದು ಹನಿಯೂ ಕುಡಿಸಬೇಡಿ.