ಊರ ಮುಂದಿನ ಬೋರಿಂಗ್ ಎಲ್ಲಿಂದ ಬಂತು?

ಭಾರತ ಜಗತ್ತಿಗೆ ಕೊಟ್ಟಿದ್ದೇನು ಎಂದು ಕೇಳಿದರೆ ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಉತ್ತರ ಸೊನ್ನೆ. ಇರಲಿ, ದೊಡ್ಡದೇ. ಆದರೆ ನಮ್ಮ ಊರುಗಳ ಬದುಕನ್ನು ಕಣ್ಣೆದುರೇ ಬದಲಿಸಿದ ಇನ್ನೊಂದು ವಸ್ತುವನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಅದು ಊರ ಮುಂದಿನ ಬೋರಿಂಗ್, ಅಂದರೆ ಕೈಪಂಪು. ಅದಕ್ಕೆ ಇಂಡಿಯಾ ಮಾರ್ಕ್ 2 ಎಂಬ ಹೆಸರಿದೆ ಅನ್ನುವುದು, ಅದರ ಹಿಡಿಕೆಗೆ ಜೋತುಬಿದ್ದು ಆಡಿದ ನಮಗೂ ಬಹಳ ವರ್ಷ ಗೊತ್ತಿರಲಿಲ್ಲ.

ಕಥೆ ಶುರುವಾಗುವುದು 1966-67ರ ಬಿಹಾರದ ಬರಗಾಲದಿಂದ. ಆಗ ಯುನಿಸೆಫ್ ಬಂಡೆ ಕೊರೆಯುವ ರಿಗ್‌ಗಳನ್ನು ಭಾರತಕ್ಕೆ ತರಿಸಿತು. ಗುದ್ದಲಿ, ಸನಿಕೆ, ಮದ್ದು ಹಿಡಿದು ತಿಂಗಳುಗಟ್ಟಲೆ ಬಾವಿ ತೋಡುತ್ತಿದ್ದ ಗಟ್ಟಿ ಕಲ್ಲಿನ ಸೀಮೆಯಲ್ಲಿ ಒಂದೆರಡು ದಿನದೊಳಗೆ ಕೊಳವೆ ಬಾವಿ ಸಿದ್ಧವಾಗತೊಡಗಿತು. ತೊಂದರೆ ಬಂದದ್ದು ಅದರ ಮೇಲೆ ಕೂರಿಸಿದ ಪಂಪಿನಿಂದ. ಆ ಎರಕದ ಕಬ್ಬಿಣದ ಪಂಪುಗಳು ಅಮೆರಿಕ, ಯುರೋಪಿನ ತೋಟದ ಮನೆಗಳ ಪಂಪುಗಳ ನಕಲು. ಅಲ್ಲಿ ಒಂದು ಸಂಸಾರಕ್ಕೆ ದಿನಕ್ಕೆ ನಾಲ್ಕಾರು ಬಕೆಟ್ ನೀರೆತ್ತಿದರೆ ಅದರ ಕೆಲಸ ಮುಗಿಯಿತು. ಇಲ್ಲಿ ಕೋಳಿ ಕೂಗುವುದಕ್ಕೂ ಮೊದಲು ಸಾಲು ನಿಲ್ಲುವ ಇಡೀ ಊರು. ಎರಕ ಸೀಳುತ್ತಿತ್ತು, ಪಿನ್ನು ಸವೆಯುತ್ತಿತ್ತು. 1970ರ ದಶಕದ ನಡುವೆ ಲೆಕ್ಕ ಹಾಕಿದಾಗ ನಾಲ್ಕು ಪಂಪುಗಳಲ್ಲಿ ಮೂರು ಕೆಟ್ಟು ನಿಂತಿದ್ದವು. ನೆಲದಡಿ ನೀರಿದೆ, ಕೊಳವೆಯೂ ಇದೆ, ಮೇಲೆತ್ತುವ ದಾರಿ ಮಾತ್ರ ಇಲ್ಲ.

ಪರಿಹಾರದ ಮೊದಲ ರೂಪ ಹುಟ್ಟಿದ್ದು ಮಹಾರಾಷ್ಟ್ರದ ಜಾಲ್ನಾ ಮತ್ತು ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರದಲ್ಲಿ, ಬಾವಿ ಕೆಲಸ ಮಾಡುತ್ತಿದ್ದವರ ವರ್ಕ್‌ಶಾಪ್‌ಗಳಲ್ಲಿ. ಅವರು ಎರಕವನ್ನು ಬಿಟ್ಟು ಉಕ್ಕನ್ನು ವೆಲ್ಡ್ ಮಾಡಿದರು. ಹಿಡಿಕೆ ತಿರುಗುವ ಜಾಗಕ್ಕೆ ಬಾಲ್ ಬೇರಿಂಗ್ ಕೂರಿಸಿದರು. ಎಲ್ಲಕ್ಕಿಂತ ಜಾಣತನದ ಕೆಲಸವೆಂದರೆ, ಹಿಡಿಕೆಗೂ ಕೊಳವೆಯೊಳಗಿನ ಸರಳಿಗೂ ನಡುವೆ ಒಂದು ಚೈನು ಹಾಕಿದ್ದು. ಹಿಡಿಕೆ ಕಮಾನಿನಂತೆ ಏರಿಳಿದರೂ ಚೈನಿನಿಂದಾಗಿ ಸರಳು ನೆಟ್ಟಗೇ ಏರಿಳಿಯುತ್ತದೆ, ಹಾಗಾಗಿ ಬೇಗ ಸವೆಯುವುದಿಲ್ಲ. ಇದನ್ನೇ ತಿದ್ದಿ, ಕೊಯಮತ್ತೂರು ಸೀಮೆಯಲ್ಲಿ ಪರೀಕ್ಷಿಸಿ, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ ತಯಾರಿಸಲು ಶುರು ಮಾಡಿದರು. ಯಾರೂ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಹಾಗಾಗಿ ಯಾವ ಕಾರ್ಖಾನೆ ಬೇಕಾದರೂ ಮಾಡಬಹುದಿತ್ತು, ಆಫ್ರಿಕಾದ ಹಳ್ಳಿಗಳಿಗೂ ಇದೇ ಪಂಪು ಹೋಯಿತು.

ಕರ್ನಾಟಕದಲ್ಲಿ ಬೋರಿಂಗ್ ಎಂದರೆ ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅವರು 80ರ ದಶಕದ ಬರದಲ್ಲಿ ಊರೂರಿಗೆ ಕೊಳವೆ ಬಾವಿ ಕೊರೆಸಿದರು. ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಮಂತ್ರಿಯೊಬ್ಬರಿಗೆ ಜನರೇ ಇಟ್ಟ ಇದಕ್ಕಿಂತ ಒಳ್ಳೆಯ ಹೆಸರು ನಮಗೆ ನೆನಪಾಗುತ್ತಿಲ್ಲ.

ಇನ್ನು ನಾರುಹುಣ್ಣು. ನಮ್ಮ ಅಜ್ಜಿಯರು ಹೇಳಿದ್ದನ್ನು ಕೇಳಿಯೇ ಮೈ ಜುಮ್ಮೆನ್ನುತ್ತದೆ. ಕಾಲಿನ ಹುಣ್ಣಿನಿಂದ ಮೊಳದುದ್ದಕ್ಕೂ ಮೀರಿದ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕು, ತುಂಡಾದರೆ ಗತಿ ಕೆಟ್ಟಿತು. ಹುಣ್ಣಿನ ಕಾಲಿನಲ್ಲೇ ಮೆಟ್ಟಿಲು ಬಾವಿಗೆ ಇಳಿದರೆ ಮರಿಗಳು ನೀರಿಗೆ ಸೇರಿ, ಆ ನೀರು ಕುಡಿದವರಿಗೆಲ್ಲ ಹರಡುತ್ತಿತ್ತು. ಕರ್ನಾಟಕವೂ ಈ ರೋಗವಿದ್ದ ರಾಜ್ಯಗಳಲ್ಲಿ ಒಂದು. ಇದಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧವೂ ಇಲ್ಲ. ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಮದ್ದು ಹಾಕುವುದು, ನೀರಿಗೆ ಕಾಲಿಡದಂತೆ ಮಾಡುವುದು, ಇಷ್ಟೇ ದಾರಿ. ಕೊನೆಯದನ್ನು ಮಾಡಿದ್ದು ಕೈಪಂಪು. 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಕಾಣಲಿಲ್ಲ, 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಘೋಷಣೆಯಾಯಿತು.

ಪಂಪಿನೊಳಗೆ ನೀರನ್ನು ಹಿಡಿದೆತ್ತುತ್ತಿದ್ದುದು ಚರ್ಮದ ವಾಷರ್. ರಬ್ಬರಿನದು ಬಂದದ್ದು ಆಮೇಲೆ. ಚರ್ಮದ ಕೆಲಸ ಮಾಡುವವರನ್ನು ಬಾವಿ ಕಟ್ಟೆಗೆ ಸೇರಿಸದ ಊರುಗಳು ಆ ವಾಷರ್ ಎತ್ತಿಕೊಟ್ಟ ನೀರನ್ನು ಕುಡಿದವು. ಹಾಗೆಂದು ಜಾತಿ ಹೋಗಲಿಲ್ಲ. ಕೇರಿಗೆ ಬೇರೆ ಬೋರಿಂಗ್ ಹಾಕಿಸಿ, ಅದನ್ನೇ ಪರಿಹಾರ ಎಂದುಕೊಂಡ ಊರುಗಳು ನಮಗೆ ಗೊತ್ತು.

ಹೆಂಗಸರ ಕೆಲಸವೂ ಹೋಗಲಿಲ್ಲ, ಹತ್ತಿರವಾಯಿತು ಅಷ್ಟೆ. ಹದಿನೈದು ಲೀಟರಿನ ಕೊಡ ತುಂಬಲು ಸುಮಾರು ನಲವತ್ತು ಸಲ ಹಿಡಿಕೆ ಒತ್ತಬೇಕು. ಮನೆಗೆ ಹತ್ತು ಕೊಡವಾದರೆ ನಾನೂರು ಸಲ. ಕೆಟ್ಟಾಗ ಇಡೀ ಕೊಳವೆಯನ್ನು ಮೇಲೆತ್ತಲು ತಾಲೂಕಿನಿಂದ ಗಾಡಿ ಬರುವವರೆಗೆ ಮತ್ತೆ ಹಳ್ಳವೇ ಗತಿ. ಊರಿನವರೇ ರಿಪೇರಿ ಮಾಡಲಿ ಎಂದು ಮುಂದೆ ಮಾರ್ಕ್ 3 ಬಂತು, ಅದರಲ್ಲಿ ಕೊಳವೆ ಎತ್ತದೆಯೇ ವಾಷರ್ ಬದಲಿಸಬಹುದಿತ್ತು.

ಅಷ್ಟರಲ್ಲಿ ಅದೇ ರಿಗ್‌ಗಳು ಹೊಲಕ್ಕೂ ಹೋಗಿದ್ದವು. ಕೈಪಂಪಿಗೆ ಐವತ್ತು ಮೀಟರಿನ ಆಸುಪಾಸಿನವರೆಗೆ ನೀರಿದ್ದರೆ ಸಾಕು, ಅದಕ್ಕಿಂತ ಕೆಳಗಿನದನ್ನು ತೋಳು ಎತ್ತಲಾರದು. ಮೋಟರಿಗೆ ಆ ದಣಿವಿಲ್ಲ. ಕೋಲಾರ ಸೀಮೆಯಲ್ಲಿ ಸಾವಿರ ಅಡಿ ದಾಟಿ ಕೊರೆಯುವಾಗ ಕೈಪಂಪಿನ ಕೊಳವೆ ಒಣಗದೆ ಏನು ಮಾಡೀತು? ಬಂಡೆಯೊಳಗಿನ ನೀರಿನ ಜೊತೆ ಫ್ಲೋರೈಡೂ ಬಂತು. ಪಾವಗಡ, ಮುಂಡರಗಿ ಕಡೆ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗಳನ್ನು ನೋಡಿದವರಿಗೆ ಗೊತ್ತು. ನಾರುಹುಣ್ಣಿನಿಂದ ಕಾಪಾಡಿದ ನೀರೇ ಅಲ್ಲಿ ಹಲ್ಲು, ಮೂಳೆಗಳನ್ನು ಹಿಡಿಯಿತು.

ಈಗ ಊರ ಹೆಂಗಸರು ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ಕ್ಯಾನಿನ ಸಾಲಿನಲ್ಲಿ ನಿಲ್ಲುತ್ತಾರೆ. ಬೋರಿಂಗಿನ ಹಿಡಿಕೆ ಗುಜರಿಗೆ ಹೋಗಿದೆ. ಸಿಮೆಂಟಿನ ಕಟ್ಟೆ ಗಟ್ಟಿಯಾಗಿಯೇ ಇದೆ, ನಲ್ಲಿ ನೀರು ಬಂದ ದಿನ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.