ವರ್ಷದ ಧಾರಾವಾಹಿಗಳ ಪಟ್ಟಿಯೂ ನಮ್ಮ ಧಾರವಾಡದ ಮಾತೂ

ಡಿಸೆಂಬರ್ ತಿಂಗಳು ಬಂತೆಂದರೆ ಪಟ್ಟಿಗಳ ಸುಗ್ಗಿ. ವರ್ಷದ ಹತ್ತು ಚಲನಚಿತ್ರಗಳು, ವರ್ಷದ ಹತ್ತು ಪುಸ್ತಕಗಳು, ವರ್ಷದ ಅಚ್ಚುಮೆಚ್ಚಿನ ಹತ್ತು ಧಾರಾವಾಹಿಗಳು. ಇದೆಲ್ಲ ಈಚಿನ ಹುಡುಗರ ಹುಚ್ಚೆಂದು ನನ್ನ ಓರಗೆಯ ಗೆಳೆಯರು ಮೂಗು ಮುರಿಯುವುದುಂಟು. ವಿದ್ಯಾರ್ಥಿ ಮಿತ್ರರೇ, ಈ ಹುಚ್ಚು ನಿಮ್ಮದಲ್ಲ, ನಮ್ಮದು. 1952ರಲ್ಲಿ ರೇಡಿಯೊ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಬುಧವಾರ ರಾತ್ರಿ ಅಮೀನ್ ಸಯಾನಿಯವರು ಹಾಡುಗಳನ್ನು ಒಂದೊಂದೇ ‘ಪಾಯದಾನ’ ಮೇಲಕ್ಕೆ ಹತ್ತಿಸುತ್ತ ಹೋಗುತ್ತಿದ್ದರು. ವರ್ಷದ ಕೊನೆಗೆ ಇಡೀ ವರ್ಷದ ಪಟ್ಟಿ ಬರುತ್ತಿತ್ತು. ಅಂದು ನಮ್ಮ ಓಣಿಯಲ್ಲಿ ರೇಡಿಯೊ ಇದ್ದ ಮನೆಯ ಕಟ್ಟೆಯ ಮೇಲೆ ಕೂಡ್ರಲು ಜಾಗ ಸಿಗುತ್ತಿರಲಿಲ್ಲ. ಮೊದಲನೆಯ ಸ್ಥಾನದ ಹಾಡು ಯಾವುದೆಂಬ ವಿಷಯದಲ್ಲಿ ಆದ ಜಗಳ ಮರುದಿನ ಸಾಲೆಯವರೆಗೂ ಮುಂದುವರಿಯುತ್ತಿತ್ತು. ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಆ ಕಟ್ಟೆಯೇ.

ಅದೇ ರೇಡಿಯೊದ ಮುಳ್ಳನ್ನು ತುಸು ತಿರುಗಿಸಿದರೆ ನಮ್ಮ ಧಾರವಾಡ ಆಕಾಶವಾಣಿ. 1950ರ ಜನವರಿ 8ರಂದು ಆರಂಭವಾದ ಈ ನಿಲಯದಲ್ಲಿ ಎನ್ಕೆ ಕುಲಕರ್ಣಿಯವರಂಥ ಲೇಖಕರು ಕೆಲಸ ಮಾಡುತ್ತಿದ್ದರು. ಅಲ್ಲಿಯ ನಾಟಕಗಳಲ್ಲಿ, ಹರಟೆಗಳಲ್ಲಿ, ರೈತರ ಕಾರ್ಯಕ್ರಮಗಳಲ್ಲಿ ನಾವು ಮನೆಯಲ್ಲಿ ಆಡುವ ಮಾತೇ ಕೇಳಿಬರುತ್ತಿತ್ತು. ಅದರಲ್ಲೊಂದು ವಿಶೇಷವಿದೆಯೆಂದು ಆಗ ಯಾರಿಗೂ ಅನಿಸಿರಲಿಲ್ಲ. ವಿಶೇಷವೆನಿಸಿದ್ದು ದೂರದರ್ಶನ ಬಂದ ಮೇಲೆ.

ದೂರದರ್ಶನವು ಕರ್ನಾಟಕಕ್ಕೆ ಬಂದ ದಾರಿಯೂ ಸ್ವಾರಸ್ಯವಾದದ್ದು. ಮೊದಲು ಅದು ಬೆಂಗಳೂರಿಗೆ ಬರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷದ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತೋರಿಸುವ ‘ಸೈಟ್’ ಪ್ರಯೋಗ ನಡೆದಾಗ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಮ್ಮ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. 1977ರಲ್ಲಿ ಕಲಬುರಗಿಗೆ ದೂರದರ್ಶನ ಬಂದಿತು. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಬೇಂದ್ರೆಯವರು ತೀರಿಕೊಂಡು ಆಗಿನ್ನೂ ವಾರ ತುಂಬಿರಲಿಲ್ಲ. 1984ರಲ್ಲಿ ದೇಶದಲ್ಲೆಲ್ಲ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ಎದ್ದವು. ಹುಬ್ಬಳ್ಳಿ-ಧಾರವಾಡದ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾಗಳು ಎದ್ದದ್ದು ಆ ದಿನಗಳಲ್ಲೇ.

ಒಂದೇ ವಾಹಿನಿ ಇದ್ದಾಗ ಪಟ್ಟಿ ಮಾಡುವ ಪ್ರಮೇಯವೇ ಇರಲಿಲ್ಲ. ಬೀದಿಯೇ ಪಟ್ಟಿಯಾಗಿತ್ತು. 1987ರ ಜನವರಿ 25ರಿಂದ 1988ರ ಜುಲೈವರೆಗೆ ‘ರಾಮಾಯಣ’ವೂ, ಅದೇ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ‘ಮಹಾಭಾರತ’ವೂ ಪ್ರಸಾರವಾದವು. ರವಿವಾರ ಮುಂಜಾನೆ ಆ ಹೊತ್ತಿಗೆ ಸುಭಾಸ ರಸ್ತೆಯಲ್ಲಿ ಸೈಕಲ್ಲೂ ಕಾಣುತ್ತಿರಲಿಲ್ಲ. ಯಾವುದು ಮೊದಲನೆಯದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾನು ಮಾತ್ರ ಆ ವರ್ಷಗಳಲ್ಲಿ ಮೊದಲ ಸ್ಥಾನ ಕೊಡುವುದು ಶಂಕರನಾಗರ ‘ಮಾಲ್ಗುಡಿ ಡೇಸ್’ಗೆ. ಆಗುಂಬೆಯ ಬೀದಿ, ಎಲ್. ವೈದ್ಯನಾಥನ್ ಅವರ ಸಂಗೀತ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ, ಅವನ ತಂದೆಯಾಗಿ ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು. ಆದರೂ ಒಂದು ಮಾತು ನನ್ನನ್ನು ಕಾಡುತ್ತಿತ್ತು. ಕಥೆ ಬರೆದದ್ದು ಇಂಗ್ಲಿಷಿನಲ್ಲಿ, ಚಿತ್ರಿಸಿದ್ದು ಮಲೆನಾಡಿನಲ್ಲಿ, ನಾವು ಕೇಳಿದ್ದು ಹಿಂದಿಯಲ್ಲಿ! ಆಗುಂಬೆಯ ಜಗಲಿಯ ಮೇಲೆ ಕನ್ನಡದ ನಟರು ಹಿಂದಿಯಲ್ಲಿ ಜಗಳಾಡುವುದನ್ನು ನಾವು ಧಾರವಾಡದಲ್ಲಿ ಕುಳಿತು ಅರ್ಧ ತಿಳಿದು ಪೂರ್ತಿ ನಗುತ್ತಿದ್ದೆವು.

1994ರಲ್ಲಿ ‘ಉದಯ’ ಬಂದಿತು, 2000ದ ಡಿಸೆಂಬರ್‌ನಲ್ಲಿ ‘ಈಟಿವಿ ಕನ್ನಡ’ ಬಂದಿತು. ಈ ಎರಡರ ನಡುವೆ, 1998ರಲ್ಲಿ, ದೂರದರ್ಶನದಲ್ಲೇ ‘ಮಾಯಾಮೃಗ’ ಪ್ರಸಾರವಾಯಿತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಈ ಧಾರಾವಾಹಿಯು ಕನ್ನಡದ ಮಧ್ಯಮ ವರ್ಗದ ಮನೆಯನ್ನು ಅದರ ಸಾಲ, ಮರ್ಯಾದೆ, ಮೌನಗಳ ಸಹಿತ ನಮ್ಮೆದುರಿಗೆ ತಂದಿಟ್ಟಿತು. ನಮ್ಮ ಸ್ಟಾಫ್ ರೂಮಿನಲ್ಲಿ ಅದನ್ನು ನೋಡದ ಶಿಕ್ಷಕರಿಗೆ ಚಹದ ಹೊತ್ತಿನಲ್ಲಿ ಮಾತೇ ಇರುತ್ತಿರಲಿಲ್ಲ. ಆ ವರ್ಷದ ನನ್ನ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ, ಎರಡನೆಯದು ಖಾಲಿ.

ಈಟಿವಿ ಬಂದ ಮೇಲೆಯೇ ನಮ್ಮ ಮನೆಯಲ್ಲಿ ನಿಜವಾದ ಪಟ್ಟಿಯ ಪದ್ಧತಿ ಶುರುವಾದದ್ದು. ಡಿಸೆಂಬರ್ 31ರ ರಾತ್ರಿ ಹಳೆಯ ಕ್ಯಾಲೆಂಡರ್ ಇಳಿಸಿ, ಅದರ ಕೊನೆಯ ಹಾಳೆಯ ಬೆನ್ನಿಗೆ ಮನೆಮಂದಿಯೆಲ್ಲ ಮೂರು ಮೂರು ಹೆಸರು ಬರೆಯಬೇಕು, ಪ್ರತಿಯೊಂದಕ್ಕೂ ಕಾರಣ ಹೇಳಬೇಕು. ಕಾರಣವಿಲ್ಲದ ಹೆಸರಿಗೆ ಕಾಟು. ಮಾಸ್ತರನ ಮನೆಯೆಂದ ಮೇಲೆ ಇಷ್ಟಾದರೂ ಇರಬೇಕಲ್ಲ! ಮಗಳಿಗೆ ‘ಸಿಲ್ಲಿ ಲಲ್ಲಿ’, ಅವಳ ತಾಯಿಗೆ ಸೀತಾರಾಮರ ನ್ಯಾಯಾಲಯದ ದೃಶ್ಯಗಳು. ನಮ್ಮವ್ವನಿಗೆ ಹಾಡಿದ್ದರೆ ಸಾಕು, ಯಾವುದಾದರೂ ನಡೆಯುತ್ತಿತ್ತು. ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿಯಾಗಿಸಿದಾಗ ಮನೆಮಂದಿ ಒಂದಾಗಿ ನೋಡಿದೆವು. ಭೈರಪ್ಪನವರು ತಮ್ಮ ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳಲ್ಲಿ ನಮ್ಮ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳಿದವರೆಂಬುದನ್ನು ನಾನು ಪ್ರತಿ ಸಂಚಿಕೆಗೂ ನೆನಪಿಸುತ್ತಿದ್ದೆನೆಂದು ಮಗಳು ಈಗಲೂ ಅಣಕಿಸುತ್ತಾಳೆ. 2002ರ ಜನವರಿಯಲ್ಲಿ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಆರಂಭವಾಯಿತು. ಸರಿಯುತ್ತರಕ್ಕೆ ಪುಸ್ತಕದ ಬಹುಮಾನ! ಅದು ನನ್ನ ಪಟ್ಟಿಯಿಂದ ಯಾವ ವರ್ಷವೂ ಹೊರಬಿದ್ದಿಲ್ಲ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಸಾಲೆಯ ಗ್ಯಾದರಿಂಗಿನಲ್ಲಿ ಹುಡುಗರು ತಾವೇ ಬರೆದು ಆಡುತ್ತಿದ್ದ ಸಣ್ಣ ನಾಟಕಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅವನ್ನು ತಿದ್ದಿಕೊಡುವ ಕೆಲಸ ಹಲವು ವರ್ಷ ನನ್ನ ಪಾಲಿಗಿತ್ತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಹಸ್ತಪ್ರತಿಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಿದೆ. ನಾಟಕದಲ್ಲಿ ವೈದ್ಯರು ಬಂದರೆ, ‘ಏನಾಗಿದೆ ನಿಮಗೆ? ಹೇಳಿ ಪರವಾಗಿಲ್ಲ’ ಎಂದು ಬೆಂಗಳೂರಿನ ಮಾತು. ನ್ಯಾಯಾಧೀಶರು, ಸಾಹೇಬರು, ಮನೆಯ ಯಜಮಾನರು ಎಲ್ಲರದೂ ಅದೇ ಮಾತು. ಮನೆಗೆಲಸದ ಆಳು ಬಂದನೋ, ‘ಏನ್ ಮಾಡ್ಲಿರಿ ಸಾಹೇಬ್ರ, ನನಗೇನೂ ತಿಳಿಯಂಗಿಲ್ರಿ’ ಎಂದು ನಮ್ಮ ಮಾತು! ಆಳು ಬಾಯಿ ತೆರೆದೊಡನೆ ಸಭೆಯೆಲ್ಲ ನಗು. ನಕ್ಕವರೂ ಮನೆಗೆ ಹೋಗಿ ಅದೇ ಮಾತನ್ನು ಆಡುವವರೇ. ಇದನ್ನು ಅವರಿಗೆ ಯಾವ ಪಾಠದಲ್ಲೂ ಯಾರೂ ಕಲಿಸಿರಲಿಲ್ಲ. ಸಂಜೆಯ ಪೆಟ್ಟಿಗೆ ಕಲಿಸಿತ್ತು. ಅದರೊಳಗೆ ನಮ್ಮ ಮಾತು ಬರುತ್ತಿದ್ದುದು ಬಹುಮಟ್ಟಿಗೆ ನಗಿಸುವುದಕ್ಕೆ, ಇಲ್ಲವೆ ಬೈಯುವುದಕ್ಕೆ. ಪ್ರೀತಿಸುವವರು, ಅಳುವವರು, ಆಸ್ತಿಯನ್ನು ಬಿಟ್ಟುಕೊಡುವವರು ಬೇರೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಒಮ್ಮೆ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬನಿಗೆ, ‘ನಿಮ್ಮ ಅಪ್ಪ ಆಡುವ ಹಾಗೆಯೇ ಯಜಮಾನನ ಮಾತನ್ನು ಬರೆಯಪ್ಪ’ ಎಂದೆ. ಅವನು ಗಾಬರಿಯಾಗಿ, ‘ಸರ, ಹಂಗ ಬರದರ ಅಂವಾ ಯಜಮಾನ ಅನಸಂಗಿಲ್ರಿ’ ಎಂದನು. ಹದಿನಾಲ್ಕು ವರ್ಷದ ಹುಡುಗ. ಅವನ ಅಪ್ಪ ನಾಲ್ಕು ಎತ್ತು ಕಟ್ಟಿದ ಒಕ್ಕಲಿಗ, ಊರಲ್ಲಿ ಹತ್ತು ಮಂದಿಗೆ ಬುದ್ಧಿ ಹೇಳುವಂಥವರು.

ಈ ಹಿನ್ನೆಲೆಯಲ್ಲೇ ‘ಮೂಡಲ ಮನೆ’ಯನ್ನು ನೋಡಬೇಕು. ವೈಶಾಲಿ ಕಾಸರವಳ್ಳಿಯವರು ಈಟಿವಿಗಾಗಿ ನಿರ್ದೇಶಿಸಿದ ಧಾರಾವಾಹಿ ಅದು. ಅವರು ಹುಟ್ಟಿದ್ದು ಕಲಬುರಗಿಯಲ್ಲಿ. ರಂಗಭೂಮಿಯ ನಟಿ. ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಹೆಸರು ಕಿವಿಗೆ ಬಿದ್ದೊಡನೆ ಧಾರವಾಡದವರಿಗೆ ಬೇಂದ್ರೆಯವರ ‘ಬೆಳಗು’ ಕವಿತೆ ನೆನಪಾಗದೆ ಇರದು. ಕಥೆ ಉತ್ತರ ಕರ್ನಾಟಕದ ಒಂದು ದೊಡ್ಡ ಮನೆತನದ್ದು. ಆ ಮನೆಯ ಹಿರಿಯರು, ಸೊಸೆಯಂದಿರು, ಮಕ್ಕಳು ನಮ್ಮ ಮಾತಿನಲ್ಲೇ ಸಿಟ್ಟಾಗುತ್ತಿದ್ದರು, ನಮ್ಮ ಮಾತಿನಲ್ಲೇ ಕಣ್ಣೀರು ಹಾಕುತ್ತಿದ್ದರು. ಮೊದಲ ಕೆಲವು ದಿನ ನಮ್ಮವ್ವ ಅದನ್ನು ನೋಡಿ ನಗುತ್ತಿದ್ದಳು. ಈ ಮಾತು ಬಂದರೆ ನಗಬೇಕೆಂದು ಅವಳಿಗೂ ರೂಢಿಯಾಗಿತ್ತು! ವಾರ ಕಳೆಯುವುದರೊಳಗೆ ನಗು ನಿಂತಿತು. ಜೋಳ ಹಸನು ಮಾಡುತ್ತಿದ್ದ ಮರವನ್ನು ಪಕ್ಕಕ್ಕಿಟ್ಟು, ‘ಪಾಪ, ಆ ಮುದುಕನ ಸಂಕಟ ನೋಡೋ’ ಎಂದು ನನ್ನನ್ನು ಕರೆದಳು.

ಅದು ನಿರ್ದೋಷಿಯಾದ ಧಾರಾವಾಹಿಯೆಂದು ನಾನು ಹೇಳಲಾರೆ. ದಿನದ ಧಾರಾವಾಹಿಗಳ ಎಳೆತದ ರೋಗ ಅದಕ್ಕೂ ತಗುಲಿತ್ತು. ‘ಈ ಮಾತು ಧಾರವಾಡದ್ದೂ ಅಲ್ಲ, ವಿಜಯಪುರದ್ದೂ ಅಲ್ಲ, ನಡುವ ಎಲ್ಲ್ಯೋ ಬಸ್ ಇಳದೈತಿ’ ಎಂದು ನನ್ನ ಹೆಂಡತಿ ಆಕ್ಷೇಪಿಸುತ್ತಿದ್ದಳು. ಆಕೆಯ ಕಿವಿ ಸೂಕ್ಷ್ಮ. ರಚನೆಯ ಬಿಗಿ, ಸಂಭಾಷಣೆಯ ಹರಿತ, ವಿಚಾರದ ಆಳ ಇವನ್ನು ತೂಗಿದರೆ ಸೀತಾರಾಮರದೇ ಮೇಲುಗೈಯೆಂದು ಕ್ಯಾಲೆಂಡರಿನ ಬೆನ್ನಿನ ಮೇಲೆ ಅವಳು ಬರೆದ ಕಾರಣವೂ ಸರಿಯೇ. ಆದರೂ ಆ ವರ್ಷ ನಾನು ‘ಮೂಡಲ ಮನೆ’ಯನ್ನೇ ಮೊದಲು ಬರೆದೆ. ಇಂದು ಕೇಳಿದರೂ ಅದನ್ನೇ ಬರೆಯುತ್ತೇನೆ. ಮುಂದಿನ ಗ್ಯಾದರಿಂಗಿನಲ್ಲಿ ಹುಡುಗಿಯರ ತಂಡವೊಂದು ತಂದ ನಾಟಕದಲ್ಲಿ ಮನೆಯ ಹಿರಿಯಳು, ‘ಈ ಮನೀಗೆ ನಾ ಬಂದು ಐವತ್ತ ವರ್ಷ ಆತು, ನನ್ನ ಕೇಳದ ಒಂದು ಕಡ್ಡಿ ಕದಲಬಾರದು’ ಎನ್ನುತ್ತಾಳೆ. ಸಭೆ ನಗಲಿಲ್ಲ. ಒಂದು ಕಾರ್ಯಕ್ರಮಕ್ಕೆ ಮೊದಲ ಸ್ಥಾನ ಕೊಡಲು ಶಿಕ್ಷಕನಾದ ನನಗೆ ಇದಕ್ಕಿಂತ ಬೇರೆ ಕಾರಣ ಬೇಕಾಗಲಿಲ್ಲ. ವೈಶಾಲಿಯವರು 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, ಇನ್ನೂ ಅರವತ್ತು ತುಂಬಿರಲಿಲ್ಲ.

ವಾಹಿನಿಗಳ ಪಟ್ಟಿ ಮಾತ್ರ ಬೇರೆ ರೀತಿಯದು. ಟಿಆರ್‌ಪಿ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅದು ಹೇಗೆ ನಡೆಯುತ್ತದೆಂದು ಕೇಳಿದರೆ ಕೆಲವರೇ ಹೇಳಬಲ್ಲರು. ಆಯ್ದ ಮನೆಗಳಲ್ಲಿ ಮೀಟರು ಇರಿಸುತ್ತಾರೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ. ನೋಡಲು ಕುಳಿತಾಗ ತಮ್ಮ ಗುಂಡಿ ಒತ್ತಬೇಕು. ಯಾವ ವಾಹಿನಿ ಎಷ್ಟು ನಿಮಿಷ ನಡೆಯಿತೆಂಬುದನ್ನು ಯಂತ್ರ ಗುರುತಿಸುತ್ತದೆ. ಇದು ಬಹುಕಾಲ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೇ ಸೀಮಿತವಾಗಿತ್ತು. ಹುಬ್ಬಳ್ಳಿಯಂಥ ನಗರ ಲೆಕ್ಕಕ್ಕೆ ಬಂದೀತು, ಕುಂದಗೋಳ, ನವಲಗುಂದಗಳು ಬರುವಂತಿರಲಿಲ್ಲ. 2015ರಲ್ಲಿ ‘ಬಾರ್ಕ್’ ಸಂಸ್ಥೆ ಈ ಕೆಲಸವನ್ನು ವಹಿಸಿಕೊಂಡ ಮೇಲೆ, ಅದೇ ಅಕ್ಟೋಬರ್‌ನಿಂದ ಹಳ್ಳಿಗಳ ಲೆಕ್ಕವೂ ಸೇರಿತು. ಅಂದರೆ ‘ಮೂಡಲ ಮನೆ’ ಪ್ರಸಾರವಾಗುತ್ತಿದ್ದ ಕಾಲದಲ್ಲಿ, ಅದು ಯಾರ ಕಥೆಯೋ ಆ ಹಳ್ಳಿಯ ಜನ ನೋಡಿದ್ದು ಯಾವ ಲೆಕ್ಕದಲ್ಲೂ ಇಲ್ಲ! 2020ರ ಅಕ್ಟೋಬರ್‌ನಲ್ಲಿ ಮುಂಬಯಿ ಪೊಲೀಸರು ಈ ಎಣಿಕೆಯಲ್ಲಿಯ ಮೋಸದ ಬಗ್ಗೆ ಪ್ರಕರಣ ಹೂಡಿದರು. ಸುದ್ದಿವಾಹಿನಿಗಳ ಎಣಿಕೆ 2022ರ ಮಾರ್ಚ್‌ವರೆಗೆ ನಿಂತೇಹೋಯಿತು. ಮೋಸ ಇರಲಿ ಬಿಡಲಿ, ಯಂತ್ರ ಅಳೆಯುವುದು ಪೆಟ್ಟಿಗೆ ನಡೆದ ನಿಮಿಷಗಳನ್ನು. ಜೋಳದ ಮರ ಪಕ್ಕಕ್ಕೆ ಸರಿದದ್ದನ್ನು ಅಳೆಯುವ ಗುಂಡಿ ಅದರಲ್ಲಿಲ್ಲ.

ಈಚಿನದು ಇನ್ನೊಂದು ಬಗೆ, ಪ್ರೇಕ್ಷಕರ ಮತದಾನ. ಹಾವೇರಿ ಜಿಲ್ಲೆಯ ಚಿಲ್ಲೂರ ಬಡ್ನಿಯ ಕುರಿಗಾಹಿ ಹನುಮಂತ ನಿಮಗೆಲ್ಲ ಗೊತ್ತು. ಹಾವೇರಿಯು 1997ರವರೆಗೆ ನಮ್ಮದೇ ಜಿಲ್ಲೆಯಾಗಿತ್ತು, ಹಾಗಾಗಿ ಅವನು ನಮ್ಮ ಹುಡುಗನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. 2019ರಲ್ಲಿ ಝೀ ಕನ್ನಡದ ‘ಸರಿಗಮಪ’ದಲ್ಲಿ ಎರಡನೆಯ ಸ್ಥಾನಕ್ಕೆ ಬಂದನು. ಕಲರ್ಸ್ ಕನ್ನಡದ ‘ಬಿಗ್ ಬಾಸ್’ ಹನ್ನೊಂದನೆಯ ಆವೃತ್ತಿಗೆ ನಡುವೆ ಸೇರಿ, 2025ರ ಜನವರಿ ಕೊನೆಯ ವಾರದಲ್ಲಿ 5 ಕೋಟಿಗೂ ಹೆಚ್ಚು ಮತಗಳಿಂದ ಗೆದ್ದನು. ಆ ಕಾರ್ಯಕ್ರಮ ನನಗೆ ರುಚಿಸುವುದಿಲ್ಲ. ಮನೆಯೊಳಗೆ ಜನರನ್ನು ಕೂಡಿಹಾಕಿ ಜಗಳ ಹಚ್ಚುವುದು ಯಾವ ಸಂಸ್ಕಾರವೋ ನಾನರಿಯೆ. ನನ್ನ ಪಟ್ಟಿಯ ಮೂರರಲ್ಲಿ ಅದು ಬರುವುದೂ ಇಲ್ಲ. ಆದರೆ ಲುಂಗಿಯುಟ್ಟ ಆ ಹುಡುಗ ತನ್ನೂರಿನ ಮಾತನ್ನು ಒಂದಿಷ್ಟೂ ತಿದ್ದಿಕೊಳ್ಳದೆ ಕೊನೆಯವರೆಗೂ ಉಳಿದದ್ದನ್ನು ಕಂಡು, ಆ ರಾತ್ರಿ ನಾನು ಹನ್ನೆರಡರವರೆಗೆ ಎದ್ದಿದ್ದುದು ನಿಜ.

ಐದು ಕೋಟಿ ಮತವೆಂದರೆ ಐದು ಕೋಟಿ ಜನರಲ್ಲ, ಒಬ್ಬರೇ ಹಲವು ಮತ ಹಾಕುವ ವ್ಯವಸ್ಥೆ ಅದು. ಹಾವೇರಿಯಲ್ಲಿರುವ ನನ್ನ ತಂಗಿಯ ಮೊಮ್ಮಗನಿಗೆ ಮರುದಿನ ಫೋನು ಮಾಡಿ, ನೀನು ಎಷ್ಟು ಸಲ ಒತ್ತಿದೆಯಪ್ಪಾ ಎಂದು ಕೇಳಿದೆ.

‘ಎಣಿಸಿಲ್ಲ ಅಜ್ಜಾ’ ಎಂದನು. ‘ಪರೀಕ್ಷಾ ಇತ್ತು, ಇಲ್ಲಂದ್ರ ಇನ್ನೂ ಒತ್ತತಿದ್ದೆ.’